ಶಿಸ್ತಿನ ಆಚೆಗೆ ಏನು ಕಲಿಸುತ್ತಾರೆ?

ಮಾನ್ಯರೆ,

ನಿಮ್ಮ ಪತ್ರ ತಲುಪಿದೆ. ಐದನೆಯ ತರಗತಿ ಮುಗಿಸುತ್ತಿರುವ ಮಗಳನ್ನು ಕ್ಯಾಥೊಲಿಕ್ ಶಾಲೆಯೊಂದಕ್ಕೆ ಸೇರಿಸಬೇಕೆಂದಿದ್ದೀರಿ. ನಿಮ್ಮದು ಕ್ಯಾಥೊಲಿಕ್ ಕುಟುಂಬವಲ್ಲ. ಆರರಿಂದ ಎಂಟನೆಯ ತರಗತಿಯವರೆಗೆ ಮಕ್ಕಳು ಅಲ್ಲಿ ನಿಜಕ್ಕೂ ಏನನ್ನು ಕಲಿಯುತ್ತಾರೆ, ಧರ್ಮದ ತರಗತಿಯಲ್ಲಿ ಮಗುವಿನ ನಂಬಿಕೆಯ ಮೇಲೆ ಒತ್ತಡ ಬೀಳುತ್ತದೆಯೇ, ವಿಜ್ಞಾನದ ಪಾಠ ಸೊರಗುತ್ತದೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ ಮಗಳು ಕೈ ಮುಗಿಯಬೇಕೇ ಎಂಬ ಸಣ್ಣ ಪ್ರಶ್ನೆಯೂ ಇದೆ. ವಿಚಾರಿಸಿದವರೆಲ್ಲ “ಶಿಸ್ತು ಚೆನ್ನಾಗಿದೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆಂದು ನೀವು ಬರೆದದ್ದನ್ನು ಓದಿ ನಕ್ಕೆ. ನನಗೂ ಸಿಕ್ಕಿದ್ದು ಆ ಉತ್ತರವೇ. ಮೂರು ವರ್ಷದ ಓದನ್ನು ಒಂದೇ ಪದದಲ್ಲಿ ಮಡಚಿಡುವ ಈ ಅಭ್ಯಾಸದಿಂದಾಗಿ, ಆ ಶಾಲೆಗಳ ನಿಜವಾದ ಹೆಚ್ಚುಗಾರಿಕೆಯೂ ನಿಜವಾದ ಕೊರತೆಯೂ ಎರಡೂ ಮುಚ್ಚಿಹೋಗುತ್ತವೆ.

ಮೊದಲು ಪಠ್ಯಕ್ರಮದ ಮಾತು. ಇಲ್ಲಿ ಹೇಳುವುದು ಹೆಚ್ಚಿಲ್ಲ. ಭಾಷೆ, ಗಣಿತ, ವಿಜ್ಞಾನ, ಇತಿಹಾಸ, ಭೂಗೋಳಗಳಲ್ಲಿ ಆಯಾ ದೇಶದ ಇತರ ಶಾಲೆಗಳು ಕಲಿಸುವುದನ್ನೇ ಸಾಮಾನ್ಯವಾಗಿ ಇವೂ ಕಲಿಸುತ್ತವೆ. 1983ರ ಚರ್ಚ್ ಕಾನೂನು ಸಂಹಿತೆಯ 806ನೆಯ ನಿಯಮವು, ಕ್ಯಾಥೊಲಿಕ್ ಶಾಲೆಯ ಬೋಧನೆಯ ಮಟ್ಟ ಆ ಪ್ರದೇಶದ ಇತರ ಶಾಲೆಗಳಿಗಿಂತ ಕಡಿಮೆಯಾಗಕೂಡದೆಂದು ಅದನ್ನು ನಡೆಸುವವರಿಗೆ ಹೊಣೆ ಹೊರಿಸಿದೆ. ನಿಮ್ಮ ಮಗಳು ಪೂರ್ಣಾಂಕಗಳನ್ನೂ ಬೀಜಗಣಿತದ ಮೊದಲ ಮೆಟ್ಟಿಲನ್ನೂ ಜೀವಕೋಶವನ್ನೂ ಎಲ್ಲರಂತೆಯೇ ಕಲಿಯುತ್ತಾಳೆ.

ವ್ಯತ್ಯಾಸ ಕಾಣುವುದು ವೇಳಾಪಟ್ಟಿಯಲ್ಲಿ ಪ್ರತ್ಯೇಕವಾಗಿ ನಿಂತಿರುವ ಧರ್ಮದ ಪೀರಿಯಡ್‌ನಲ್ಲಿ. ಅಲ್ಲಿ ಜಪ ಹೇಳಿಸಿ ಕಳಿಸುತ್ತಾರೆಂಬುದು ಹೊರಗಿನವರ ಊಹೆ. ವಾಸ್ತವದಲ್ಲಿ ಅದೊಂದು ಓದಿನ ವಿಷಯ. ಅದಕ್ಕೆ ಪಠ್ಯಪುಸ್ತಕವಿದೆ, ಮನೆಗೆಲಸವಿದೆ, ಹಲವು ಕಡೆ ಅಂಕವೂ ಇದೆ. ಕ್ರಮ ಶಾಲೆಯಿಂದ ಶಾಲೆಗೆ ಬದಲಾದರೂ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಕಥನಗಳು, ಯೇಸುವಿನ ಜೀವನ ಮತ್ತು ಸಾಮತಿಗಳು (ಅವನು ಹೇಳಿದ ದೃಷ್ಟಾಂತ ಕಥೆಗಳು), ಜ್ಞಾನಸ್ನಾನದಂಥ ಚರ್ಚಿನ ಸಂಸ್ಕಾರಗಳು, ಚರ್ಚಿನ ಇತಿಹಾಸ, ನೈತಿಕ ನಿರ್ಧಾರ ಎಂಬ ಐದು ಸಂಗತಿಗಳು ಈ ಮೂರು ವರ್ಷಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತವೆ. ಕ್ಯಾಥೊಲಿಕ್ ಬೈಬಲ್ಲಿನಲ್ಲಿ 73 ಗ್ರಂಥಗಳಿವೆ, ಅವುಗಳಲ್ಲಿ ಕಾವ್ಯವಿದೆ, ವಂಶಾವಳಿಯಿದೆ, ಗಾದೆಯಿದೆ, ಪತ್ರಗಳಿವೆ, ಪ್ರತಿಯೊಂದನ್ನೂ ಅದರ ಪ್ರಕಾರಕ್ಕೆ ತಕ್ಕಂತೆ ಓದಬೇಕು ಎಂಬ ತಿಳಿವಳಿಕೆ ಮೂಡುವುದೂ ಈ ವಯಸ್ಸಿನಲ್ಲೇ. ಕಾವ್ಯವನ್ನು ವರದಿಯಂತೆ ಓದಬಾರದೆಂದು ಹನ್ನೆರಡನೆಯ ವಯಸ್ಸಿಗೆ ಗೊತ್ತಾದರೆ, ಅದು ಯಾವ ಮತದ ಮಗುವಿಗಾದರೂ ಲಾಭವೇ.

ಹಿಂದೊಮ್ಮೆ ಇಂಥದೊಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಂದಿನ ಪಾಠ ಬೈಬಲ್ಲಿನ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಆಳುಗಳ ಸಾಮತಿ. ತೋಟದ ಯಜಮಾನ ಬೆಳಗಿನ ಜಾವ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಆಮೇಲೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕೆಲವರನ್ನು ಕರೆಯುತ್ತಾನೆ. ಬಟವಾಡೆಯ ಹೊತ್ತಿಗೆ ಎಲ್ಲರ ಕೈಗೂ ಒಂದೊಂದೇ ದಿನಾರಿ ನಾಣ್ಯ ಇಡುತ್ತಾನೆ. ಟೀಚರ್ ಓದಿ ಮುಗಿಸುವ ಮೊದಲೇ ಒಬ್ಬ ಹುಡುಗ ಎದ್ದು ನಿಂತು “ಇದು ಅನ್ಯಾಯ” ಎಂದ. ಅರ್ಧ ತರಗತಿ ಅವನ ಪರವಾಯಿತು. ಒಬ್ಬಳಂತೂ ಗಂಟೆಗಿಷ್ಟು ಎಂದು ಲೆಕ್ಕ ಹಾಕಿ, ಬೆಳಗಿನವರಿಗೆ ಹನ್ನೆರಡು ದಿನಾರಿ ಸಲ್ಲಬೇಕಿತ್ತೆಂದು ತೋರಿಸಿದಳು. ಕಿಟಕಿಯ ಬಳಿಯಿದ್ದ ಇನ್ನೊಂದು ಮಗು ಮೆಲ್ಲಗೆ ಕೇಳಿತು: “ಐದು ಗಂಟೆಗೆ ಬಂದವರ ಮನೆಯಲ್ಲೂ ಮಕ್ಕಳು ಅಷ್ಟೇ ಊಟ ಮಾಡುತ್ತಾರಲ್ಲವೇ?” ಟೀಚರ್ ಯಾರ ಪಕ್ಷವನ್ನೂ ವಹಿಸದೆ ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: “ಕೂಲಿ ಎನ್ನುವುದು ದುಡಿಮೆಗೆ ಕಟ್ಟಿದ ಬೆಲೆಯೋ, ದುಡಿದವನ ಹೊಟ್ಟೆಪಾಡೋ?” ಗಂಟೆ ಬಾರಿಸಿದಾಗ ವಾದ ಇನ್ನೂ ಮುಗಿದಿರಲಿಲ್ಲ.

ಸಾಮತಿಯ ಮೂಲ ಅರ್ಥ ದೇವರ ಔದಾರ್ಯಕ್ಕೆ ಸಂಬಂಧಿಸಿದ್ದು, ಅದನ್ನು ಮುಂದಿನ ಪಾಠದಲ್ಲಿ ವಿವರಿಸಿದರೆಂದೇ ಭಾವಿಸುತ್ತೇನೆ. ಆದರೆ ಆ ಒಂದು ಸಾಲಿನಿಂದ ಮಕ್ಕಳು ತಾವರಿಯದೆಯೇ 1891ಕ್ಕೆ ಕಾಲಿಟ್ಟಿದ್ದರು. ಕಾರ್ಖಾನೆಗಳ ಆ ಕಾಲದಲ್ಲಿ ಹದಿಮೂರನೆಯ ಲಿಯೋ ಪೋಪರು ಹೊರಡಿಸಿದ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದ (ಇಡೀ ಚರ್ಚಿಗೆ ಪೋಪರು ಬರೆಯುವ ಬೋಧನಾ ಪತ್ರದ) ಒಂದು ಮುಖ್ಯ ಮಾತು, ಎರಡೂ ಕಡೆಯವರು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಅದು ಸಾಲುವಂತಿರಬೇಕು ಎಂಬುದು. ಅಲ್ಲಿಂದ ಬೆಳೆದ ಸಾಮಾಜಿಕ ಬೋಧನೆ, 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಕುರಿತು ಬರೆದ ‘ಲೌದಾತೊ ಸೀ’ಯವರೆಗೂ ಬಂದಿದೆ. ಅದರ ಸರಳ ರೂಪವನ್ನು ಚೆನ್ನಾಗಿ ನಡೆಯುವ ಶಾಲೆಗಳು ಏಳು ಮತ್ತು ಎಂಟನೆಯ ತರಗತಿಯಲ್ಲಿ ಕಲಿಸುತ್ತವೆ. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ನ್ಯಾಯ ಅನ್ಯಾಯಗಳ ವಿಷಯದಲ್ಲಿ ಇರುವಷ್ಟು ಮೈಯುರಿ ಇನ್ನಾವ ವಯಸ್ಸಿನಲ್ಲೂ ಇರುವುದಿಲ್ಲ. ಆ ಉರಿಗೆ ವಾರದಲ್ಲಿ ಕೆಲವು ಪೀರಿಯಡ್‌ಗಳನ್ನು ಮೀಸಲಿಡುವುದೇ ಈ ಶಾಲೆಗಳ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲೆಡೆಯೂ ಹೀಗೆ ನಡೆಯುತ್ತದೆಂದು ನಂಬಬೇಡಿ. ಅದೇ ಸಾಮತಿಯನ್ನು “ಯಜಮಾನನು ಎಲ್ಲರಿಗೂ ಎಷ್ಟು ಕೊಟ್ಟನು? ಉತ್ತರ: ಒಂದು ದಿನಾರಿ” ಎಂದು ನೋಟ್ಸ್ ಬರೆಸಿ ಮುಗಿಸುವ ತರಗತಿಗಳೂ ಉಂಟು. ಸೇರಿಸುವ ಮುನ್ನ ಫಲಿತಾಂಶದ ಪಟ್ಟಿಯನ್ನು ನೋಡುವುದಕ್ಕಿಂತ, ಆರನೆಯ ತರಗತಿಯ ಯಾವುದಾದರೂ ಮಗುವಿನ ಧರ್ಮದ ನೋಟ್‌ಬುಕ್ಕನ್ನು ಕೇಳಿ ನೋಡಿ. ಅದರಲ್ಲಿ ಮಗುವಿನ ಸ್ವಂತ ವಾಕ್ಯಗಳಿವೆಯೇ, ಅಥವಾ ಎಲ್ಲ ಮಕ್ಕಳದ್ದೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಒತ್ತಡದ ಪ್ರಶ್ನೆ. 1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಬಿಷಪ್ಪರ ಸಭೆಯಾದ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದಸ್ತಾವೇಜುಗಳಲ್ಲಿ ಎರಡು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ: ಒಂದು ಕ್ರೈಸ್ತ ಶಿಕ್ಷಣದ ಕುರಿತದ್ದು, ಇನ್ನೊಂದು ಇತರ ಧರ್ಮಗಳನ್ನು ಗೌರವದಿಂದ ಕಾಣಬೇಕೆಂದು ಹೇಳಿದ್ದು. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕ್ಯಾಥೊಲಿಕ್ ವಿಶ್ವಾಸಕ್ಕೆ ಬಲವಂತಪಡಿಸಕೂಡದೆಂದು ಚರ್ಚ್ ಕಾನೂನೂ ಹೇಳುತ್ತದೆ. ಇದಕ್ಕಿಂತ ಉಪಯೋಗಕ್ಕೆ ಬರುವುದು ವ್ಯಾಟಿಕನ್ನಿನ ಶಿಕ್ಷಣ ವಿಭಾಗ 1988ರಲ್ಲಿ ಮಾಡಿ ತೋರಿಸಿದ ಒಂದು ವ್ಯತ್ಯಾಸ. ನಂಬಿದವರನ್ನು ವಿಶ್ವಾಸದಲ್ಲಿ ಬೆಳೆಸುವ ಧರ್ಮೋಪದೇಶ ಒಂದು. ಕ್ರೈಸ್ತಧರ್ಮ ಏನು ಹೇಳುತ್ತದೆಂಬ ತಿಳಿವಳಿಕೆ ಕೊಡುವ ಧರ್ಮಬೋಧನೆ ಇನ್ನೊಂದು. ಶಾಲೆಯ ತರಗತಿಯ ಗುರಿ ಎರಡನೆಯದು. ನಂಬದ ಮಗುವೂ ಎರಡನೆಯದರಲ್ಲಿ ಪೂರ್ತಿ ಅಂಕ ಪಡೆಯಬಹುದು. ನಿಮ್ಮ ಮನಸ್ಸಿನಲ್ಲಿರುವ ಶಾಲೆ ಈ ಎರಡನ್ನು ಬೇರೆ ಬೇರೆಯಾಗಿ ನಡೆಸುತ್ತದೆಯೇ, ಕ್ಯಾಥೊಲಿಕರಲ್ಲದ ಮಕ್ಕಳಿಗೆ ಆ ಹೊತ್ತಿನಲ್ಲಿ ಬೇರೆ ಮೌಲ್ಯಶಿಕ್ಷಣದ ತರಗತಿ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನೇ ಕೇಳಿ.

ಆದರೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಲವಂತವಿಲ್ಲದಿದ್ದರೂ ಶಾಲೆಯ ಗಾಳಿಯೇ ಬೇರೆ. ದಿನ ಶುರುವಾಗುವುದು ಪ್ರಾರ್ಥನೆಯಿಂದ, ಗೋಡೆಯ ಮೇಲೆ ಶಿಲುಬೆ ಇರುತ್ತದೆ, ವರ್ಷದ ಲಯವನ್ನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲವೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲವೂ ನಿರ್ಧರಿಸುತ್ತವೆ, ಶಾಲೆಯ ಬಲಿಪೂಜೆಗೆ, ಅಂದರೆ ಚರ್ಚಿನ ಮುಖ್ಯ ಆರಾಧನೆಗೆ, ಇಡೀ ತರಗತಿ ಹೋಗುವುದುಂಟು. ಅಲ್ಲಿ ಕೊಡುವ ಪರಮಪ್ರಸಾದ ಕ್ಯಾಥೊಲಿಕ್ ಮಕ್ಕಳಿಗೆ ಮಾತ್ರ ಮೀಸಲಾದ್ದರಿಂದ ನಿಮ್ಮ ಮಗಳು ಆಗ ತನ್ನ ಜಾಗದಲ್ಲೇ ಕುಳಿತಿರುತ್ತಾಳೆ. ಒಂದೇ ತಿಂಗಳಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅವಳಿಗೆ ಬಾಯಿಪಾಠವಾಗುತ್ತದೆ. ಮನೆಯಲ್ಲಿ ಅದನ್ನು ಗುನುಗಿದಾಗ ನಿಮಗೆ ಕಸಿವಿಸಿಯಾಗುವುದಾದರೆ, ತಪ್ಪು ಶಾಲೆಯದಲ್ಲ, ಆಯ್ಕೆ ಮಾಡಿದ ನಿಮ್ಮದೇ.

ವಿಜ್ಞಾನ ಸೊರಗುತ್ತದೆಂಬ ನಿಮ್ಮ ಭಯವನ್ನು ನಾನು ಹಂಚಿಕೊಳ್ಳುವುದಿಲ್ಲ. ಜೀವವಿಕಾಸದ ಸಂಶೋಧನೆಗೆ 1950ರಲ್ಲೇ ಹನ್ನೆರಡನೆಯ ಪಿಯೂಸ್ ಪೋಪರು ಬಾಗಿಲು ತೆರೆದಿಟ್ಟರು. ವಿಕಾಸವಾದ ಈಗ ಬರೀ ಊಹೆಯಲ್ಲ ಎಂದು 1996ರಲ್ಲಿ ಎರಡನೆಯ ಜಾನ್ ಪಾಲ್ ಹೇಳಿದರು. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಅಗಸ್ಟೀನಿಯನ್ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರತಿಪಾದಿಸಿದ ಲೆಮೆತ್ರ್ ಪಾದ್ರಿ. ನನಗೆ ಇವರಿಗಿಂತ ಇಷ್ಟವಾದ ಉದಾಹರಣೆ ಕ್ಯಾಲೆಂಡರಿನದು, ಏಕೆಂದರೆ ಆರನೆಯ ತರಗತಿಯ ಗಣಿತ ಅದಕ್ಕೆ ಸಾಕು. ಈಸ್ಟರ್ ಹಬ್ಬ ಬೀಳುವುದು ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ. ಹಳೆಯ ಜೂಲಿಯನ್ ಕ್ಯಾಲೆಂಡರು ವರ್ಷಕ್ಕೆ ಸುಮಾರು 11 ನಿಮಿಷ ಹೆಚ್ಚು ಎಣಿಸುತ್ತಿತ್ತು. ಈಸ್ಟರಿನ ದಿನದ ಬಗ್ಗೆ ತೀರ್ಮಾನಿಸಿದ ನೈಸಿಯಾ ಮಹಾಸಭೆ ನಡೆದ 325ರಿಂದ 1582ರವರೆಗಿನ 1257 ವರ್ಷಗಳನ್ನು ಹನ್ನೊಂದರಿಂದ ಗುಣಿಸಿ, ದಿನದ 1440 ನಿಮಿಷಗಳಿಂದ ಭಾಗಿಸಲು ಮಗುವಿಗೆ ಹೇಳಿ. ಒಂಬತ್ತೂವರೆ ದಿನಕ್ಕಿಂತ ತುಸು ಹೆಚ್ಚು ಬರುತ್ತದೆ. ಹಬ್ಬ ಋತುವಿನಿಂದ ಜಾರುತ್ತಿದ್ದುದರ ಲೆಕ್ಕ ಅದು. ಹದಿಮೂರನೆಯ ಗ್ರೆಗರಿ ಪೋಪರು, ಕ್ಲಾವಿಯುಸ್ ಎಂಬ ಜೆಸ್ವಿಟ್ (ಯೇಸುಸಭೆಯ) ಗಣಿತಜ್ಞರೂ ಇದ್ದ ಸಮಿತಿಯ ಸಲಹೆಯಂತೆ, 1582ರ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದು ಹತ್ತು ದಿನಗಳನ್ನು ಕೈಬಿಟ್ಟರು. 1900 ಏಕೆ ಅಧಿಕ ವರ್ಷವಲ್ಲ, 2000 ಏಕೆ ಹೌದು ಎಂಬ ನಿಯಮವೂ ಆ ತಿದ್ದುಪಡಿಯದೇ. ಧರ್ಮದ ಟೀಚರೂ ಗಣಿತದ ಟೀಚರೂ ಮಾತಾಡಿಕೊಂಡು ಇದನ್ನು ಒಂದೇ ವಾರದಲ್ಲಿ ಕಲಿಸುವ ಶಾಲೆ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಭೂಮಿ ಸೂರ್ಯನನ್ನು ಸುತ್ತುತ್ತದೆಂದ ಗೆಲಿಲಿಯೊಗೆ 1633ರಲ್ಲಿ ಚರ್ಚಿನ ನ್ಯಾಯಮಂಡಳಿ ಶಿಕ್ಷೆ ವಿಧಿಸಿದ್ದನ್ನೂ, ಅದರಲ್ಲಿ ತಪ್ಪಾಯಿತೆಂದು ಚರ್ಚು ಒಪ್ಪಿಕೊಂಡದ್ದು 1992ರಲ್ಲಿ ಎಂಬುದನ್ನೂ ಅಲ್ಲಿ ಹೇಳುತ್ತಾರೆಯೇ ಎಂಬುದನ್ನು ಮಾತ್ರ ಗಮನಿಸಿ.

ಸೇವೆಯ ಪಾಠದ ಬಗ್ಗೆ ನನಗೆ ಎರಡು ಮನಸ್ಸು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿಗಳ ಭೇಟಿ ಎಂದು ಮುಂದುವರಿಯುವ ಏಳು ಕರುಣೆಯ ಕಾರ್ಯಗಳನ್ನು ಮಕ್ಕಳು ಕಲಿಯುತ್ತಾರೆ, ಅವುಗಳಲ್ಲಿ ಕೆಲವನ್ನು ಮಾಡಿಯೂ ನೋಡುತ್ತಾರೆ. ಆದರೆ ಹಲವು ಶಾಲೆಗಳು ಇಷ್ಟು ಗಂಟೆ ಸೇವೆ ಎಂದು ನಿಗದಿ ಮಾಡಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತವೆ. ಅಲ್ಲಿಗೆ ಕರುಣೆಯೂ ಒಂದು ಹಾಜರಿ ಪುಸ್ತಕವಾಗುತ್ತದೆ. ಗಂಟೆ ಎಣಿಸದೆ, ಹೋಗಿ ಬಂದದ್ದರ ಬಗ್ಗೆ ಅರ್ಧ ಪುಟ ಬರೆಸುವ ಶಾಲೆಗಳು ಹೆಚ್ಚು ಕಲಿಸುತ್ತವೆ.

ಶಿಸ್ತಿಗೆ ಮರಳುತ್ತೇನೆ. ಈ ಶಾಲೆಗಳನ್ನು ನಡೆಸುವ ಒಂದೊಂದು ಧಾರ್ಮಿಕ ಸಂಘದ ಶಾಲೆಗೂ ಅದರದ್ದೇ ಸ್ವಭಾವವಿದೆ. ಜೆಸ್ವಿಟರು 1599ರ ತಮ್ಮ ಶಿಕ್ಷಣ ಕ್ರಮದಿಂದಲೂ ಪುನರಾವರ್ತನೆ, ವಾಗ್ವಾದಗಳಿಗೆ ಒತ್ತು ಕೊಟ್ಟವರು. ಲಾಸಾಲ್ ಸಹೋದರರು ಲ್ಯಾಟಿನ್ನಿಗೂ ಮೊದಲು ಮಕ್ಕಳ ಆಡುಭಾಷೆಯಲ್ಲಿ ಓದು ಕಲಿಸಿದವರು. ಸಲೇಶಿಯನ್ನರ ಗುರು ಡಾನ್ ಬಾಸ್ಕೊ, ಶಿಕ್ಷಿಸಿ ತಿದ್ದುವುದಕ್ಕಿಂತ ತಪ್ಪಾಗದಂತೆ ಜೊತೆಗಿರುವುದು ಮೇಲೆಂದು ವಿವೇಕ, ಧರ್ಮ, ವಾತ್ಸಲ್ಯಗಳ ಮೇಲೆ ತನ್ನ ಪದ್ಧತಿಯನ್ನು ಕಟ್ಟಿದವರು. ಹೀಗಾಗಿ ಯಾರು ನಡೆಸುತ್ತಾರೆಂಬುದನ್ನು ಮೊದಲು ತಿಳಿದುಕೊಳ್ಳಿ. ಶಿಸ್ತಿನ ಹೆಸರಿನಲ್ಲಿ ಮಕ್ಕಳ ಮೇಲೆ ಘೋರ ಅನ್ಯಾಯ ನಡೆದ ಇತಿಹಾಸವೂ ಈ ಸಂಸ್ಥೆಗಳಿಗಿದೆ. ಕೆನಡಾದ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗೆ ಆದದ್ದಕ್ಕಾಗಿ ಪೋಪ್ ಫ್ರಾನ್ಸಿಸ್ 2022ರಲ್ಲಿ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ಮಕ್ಕಳ ಸುರಕ್ಷತೆಯ ಲಿಖಿತ ನಿಯಮವನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಯೇ ಎಂದು ಕ್ರೈಸ್ತ ಶಿಕ್ಷಣದ ಕುರಿತ 1965ರ ಆ ದಸ್ತಾವೇಜೇ ಹೇಳಿರುವುದರಿಂದ, ಕೇಳುವ ಹಕ್ಕು ನಿಮಗಿದೆ. ಹರೆಯದ ಬದಲಾವಣೆಗಳ ಕುರಿತ ಪಾಠ ವಿವಾಹದ ಬಗೆಗಿನ ಚರ್ಚಿನ ಬೋಧನೆಯ ಚೌಕಟ್ಟಿನಲ್ಲಿ ಇರುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ.

ಪ್ರಾರ್ಥನೆಯ ಹೊತ್ತಿನಲ್ಲಿ ಕೈ ಮುಗಿಯಬೇಕೇ ಎಂಬುದಕ್ಕೆ ನನ್ನ ಉತ್ತರ: ಎದ್ದು ನಿಂತು ಸುಮ್ಮನಿದ್ದರೆ ಸಾಕು. ಇದನ್ನು ನೀವು ಚೀಟಿ ಬರೆದು ಕಳಿಸಬೇಡಿ. ಮೊದಲ ವಾರದಲ್ಲಿ ಮಗಳೇ ತರಗತಿಯ ಟೀಚರನ್ನು ಕೇಳಲಿ. ಟೀಚರ್ ಏನೆಂದರೆಂದು ಅವಳು ಸಂಜೆ ಬಂದು ಹೇಳುವುದನ್ನು ಕೇಳಿಸಿಕೊಳ್ಳಿ, ಸಾಧ್ಯವಾದರೆ ನನಗೂ ಒಂದು ಸಾಲು ಬರೆಯಿರಿ.

ಸಂಪಾದಕ