ಹಿರಿಯರು ಮಾತು ಕೇಳದಿದ್ದರೆ

ತೀರ್ಥಹಳ್ಳಿಯ ಅಡಿಕೆ ಸಹಕಾರ ಸಂಘದಲ್ಲಿ ಮೇಲ್ವಿಚಾರಕರಾಗಿದ್ದೀರಿ, ಹಿರಿಯ ಸಿಬ್ಬಂದಿ ನಿಮ್ಮ ಮಾತಿಗೆ ಸೊಪ್ಪು ಹಾಕುತ್ತಿಲ್ಲ, ಬೆಂಗಳೂರಿಗೆ ಹೋಗಿ ನಾಯಕತ್ವ ತರಬೇತಿ ಪಡೆಯಬೇಕೆ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಅಡಿಕೆಯನ್ನು ಕೈಗೆತ್ತಿಕೊಂಡ ಕೂಡಲೇ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆ ಗುರುತಿಸುವವರಿಗೆ ನಿಮ್ಮ ಪದನಾಮ ದೊಡ್ಡದಲ್ಲ. ಅವರ ಪಕ್ಕ ಕುಳಿತು ಆ ಕೆಲಸ ಕಲಿಯಿರಿ. ನಿಜವಾಗಿ ಕಲಿಯಿರಿ, ನಾಟಕವಾದರೆ ಹಳಬರಿಗೆ ತಕ್ಷಣ ಗೊತ್ತಾಗುತ್ತದೆ. ತಪ್ಪು ಕಂಡರೆ ಬೆಳೆಗಾರರ ಎದುರು ಹೇಳಬೇಡಿ. ಚಹಾದ ಹೊತ್ತಿನಲ್ಲಿ ಬದಿಗೆ ಕರೆದು, "ಅಣ್ಣ, ಆ ಚೀಲ ಇನ್ನೊಮ್ಮೆ ನೋಡೋಣವೇ?" ಎನ್ನಿ. ಹೊಸ ಪದ್ಧತಿಗಳನ್ನು ಕೊಯ್ಲಿನ ಗಡಿಬಿಡಿಯಲ್ಲಿ ತರದೆ ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಇನ್ನು ಬಡ್ತಿಯೂ ಬೇಕಿದ್ದರೆ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯನ್ನು ಓದಿಕೊಳ್ಳಿ, ಒಣ ಓದು, ಆದರೂ ಓದಿ. ವಾರ್ಷಿಕ ಮಹಾಸಭೆಯ ವರದಿ ಸಿದ್ಧಪಡಿಸುವುದೆಂದರೆ ಎಲ್ಲರೂ ಜಾರಿಕೊಳ್ಳುತ್ತಾರೆ, ನೀವು ಕೇಳಿ ಪಡೆಯಿರಿ. ಆಗ ಜಮಾ-ಖರ್ಚು, ಸಾಲ, ಲೆಕ್ಕಪರಿಶೋಧನೆಯ ಆಕ್ಷೇಪಗಳೆಲ್ಲ ಕೈಗೆ ಬರುತ್ತವೆ, ನಿರ್ದೇಶಕರ ಕಣ್ಣಿಗೂ ಬೀಳುತ್ತೀರಿ. ಸಹಕಾರ ನಿರ್ವಹಣೆಯ ಡಿಪ್ಲೊಮಾ ಇಲ್ಲದಿದ್ದರೆ ಮೊದಲು ಅದನ್ನು ಮುಗಿಸಿ. ಸಹಕಾರ ಕ್ಷೇತ್ರದಲ್ಲಿ ಎರಡು ದಿನಗಳ ನಾಯಕತ್ವ ಶಿಬಿರದ ಪ್ರಮಾಣಪತ್ರಕ್ಕಿಂತ ಅದಕ್ಕೇ ಬೆಲೆ.