ಓದುಗರ ಪ್ರಶ್ನೆ: ಯುದ್ಧದ ಹೊತ್ತಿಗೆ ಸಣ್ಣ ಕಾಲೇಜು ಏನು ಮಾಡಬಹುದು?

ಪ್ರಶ್ನೆ: ಮೇಡಂ, 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ನಮ್ಮ ಎನ್‌ಎಸ್‌ಎಸ್ ಘಟಕದವರು ಅಂಗಡಿ ಅಂಗಡಿ ಸುತ್ತಿ ಯೋಧರಿಗೆಂದು ಬಿಸ್ಕತ್ತು, ಬೆಡ್‌ಶೀಟ್ ಒಟ್ಟುಮಾಡಿದೆವು. ಯಾರಿಗೆ ತಲುಪಿಸಬೇಕೆಂದು ವಿಚಾರಿಸುವಷ್ಟರಲ್ಲಿ ಕದನವಿರಾಮ ಆಗಿಹೋಯಿತು. ಎಲ್ಲವನ್ನೂ ಹಾಸ್ಟೆಲಿಗೆ ಕೊಟ್ಟೆವು. ನಮ್ಮಂಥ ಸಣ್ಣ ಕಾಲೇಜಿನಿಂದ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಏನಾದರೂ ಇದೆಯೇ?
– ದ್ವಿತೀಯ ಬಿ.ಎ. ವಿದ್ಯಾರ್ಥಿನಿ, ಮಧುಗಿರಿ

ಉತ್ತರ: ಇದೆ ಮಗಳೇ, ಬೇಕಾದಷ್ಟಿದೆ. ಹಾಸ್ಟೆಲಿಗೆ ಕೊಟ್ಟಿದ್ದು ಒಳ್ಳೆಯದೇ ಆಯಿತು. ಸೈನ್ಯಕ್ಕೆ ಊಟ, ಬಟ್ಟೆ ಒದಗಿಸಲು ಅದರದೇ ವಿಭಾಗವಿದೆ. ನಿಮ್ಮ ಕೈ ಬೇಕಾಗಿರುವುದು ಸೈನಿಕರು ಬಿಟ್ಟುಹೋದ ಮನೆಗಳಿಗೆ.

1971ರ ಡಿಸೆಂಬರ್‌ನಲ್ಲಿ ನಾನು ತುಮಕೂರಿನಲ್ಲಿ ಓದುತ್ತಿದ್ದೆ. 3ನೇ ತಾರೀಖು ಯುದ್ಧ ಶುರುವಾಯಿತು, 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ನಮ್ಮ ಸೀಮೆಯಲ್ಲಿ ಅದು ರಾಗಿ ಕೊಯ್ಲಿನ ಕಾಲ. ನಮ್ಮ ಕನ್ನಡ ಮೇಷ್ಟ್ರು, "ಭಾಷಣ ಸಾಕು, ಕುಡುಗೋಲು ಹಿಡೀರಿ" ಅಂದು ಗುಬ್ಬಿ ಕಡೆಯ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋದರು. ಮಗ ಸೈನ್ಯದಲ್ಲಿ, ಮನೆಯಲ್ಲಿ ತಾಯಿ ಮತ್ತು ಕೈಕೂಸಿನ ಸೊಸೆ. ತೆನೆ ಬಲಿತು ಉದುರುವುದಕ್ಕೆ ಬಂದಿತ್ತು, ಆಳು ಸಿಕ್ಕಿರಲಿಲ್ಲ. ಹಳ್ಳಿಯಿಂದ ಕಾಲೇಜಿಗೆ ಬರುತ್ತಿದ್ದ ಹುಡುಗರು ಕೊಯ್ದು ಅರಿ ಹಾಕಿದರು. ಅರಿ ಒಣಗಿದ ಮೇಲೆ ಪೇಟೆಯ ನಾವೂ ಸೇರಿ ಕಂತೆ ಕಟ್ಟಿ, ಹೊತ್ತು, ಮೆದೆ ಒಟ್ಟಿದೆವು.

ಊಟವಾದ ಮೇಲೆ ಆ ತಾಯಿ ಒಂದು ಇನ್‌ಲ್ಯಾಂಡ್ ಕಾಗದ ತಂದು ನನ್ನ ಮುಂದಿಟ್ಟರು. ರಾಗಿ ಮನೆ ಸೇರಿತು, ಕೂಸು ಬೋರಲು ಬೀಳ್ತಾ ಇದೆ, ಹಸು ಈದಿದೆ – ಹೇಳಿದ್ದನ್ನೆಲ್ಲ ಬರೆದೆ. ವಿಳಾಸವನ್ನು ಮಗನ ಹಳೆಯ ಕಾಗದ ನೋಡಿ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು: ನಂಬರು, ಹುದ್ದೆ, ಹೆಸರು, ಪಡೆ, ಕೊನೆಗೆ 99 ಎ.ಪಿ.ಓ. "ತೊಂಬತ್ತೊಂಬತ್ತು ಅಂದ್ರೆ ಯಾವೂರವ್ವ?" ಅಂತ ಕೇಳಿದರು. ಸೇನೆಯ ಅಂಚೆಯಲ್ಲಿ ಊರಿನ ಹೆಸರು ಇರುವುದಿಲ್ಲ, ಇರಲೂಬಾರದು; ಪೂರ್ವದ ಕಡೆಯ ಪಡೆಗಳಿಗೆ 99, ಉಳಿದವಕ್ಕೆ 56. ಮೇಷ್ಟ್ರು ಬಿಡಿಸಿ ಹೇಳಿದರು. ಅಷ್ಟರಲ್ಲಿ ಅಕ್ಕಪಕ್ಕದ ಊರಿನ ಸೈನಿಕರ ಮನೆಯವರೂ ಕಾಗದ ಹಿಡಿದು ಬಂದಿದ್ದರು. ಆ ಡಿಸೆಂಬರ್‌ನಲ್ಲಿ ನಮ್ಮ ದೊಡ್ಡ ಸೇವೆ ಅದೇ ಆಯಿತು.

ಈಗ ಫೋನಿದೆ, ಕಾಗದ ಬೇಡ. ಆದರೆ ಪಹಣಿ ತಿದ್ದುಪಡಿಗೆ ನಾಡಕಚೇರಿಗೆ ಅಲೆಯುವವರು ಯಾರು? ಬ್ಯಾಂಕಿನ ಕೆವೈಸಿ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಮಗುವಿನ ಶಾಲೆಯ ಅರ್ಜಿ ಎಲ್ಲವೂ ಒಬ್ಬ ಹೆಣ್ಣುಮಗಳ ತಲೆ ಮೇಲಿರುತ್ತದೆ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯವರು ಸೇನೆಯಲ್ಲಿದ್ದಾರೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಮಾಜಿ ಸೈನಿಕರ ಮತ್ತು ಅವಲಂಬಿತರ ಸವಲತ್ತುಗಳನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕಲ್ಲ, ಅದರಲ್ಲಿ ಒಂದು ಪಾಲು ಇದಕ್ಕಿಡಿ. ಯುದ್ಧ ಬರಲಿ ಅಂತ ಕಾಯಬೇಡಿ. ಒಂದು ಎಚ್ಚರಿಕೆ: ಆ ಮನೆಗಳ ಫೋಟೊ, ಯೋಧ ಯಾವ ಪಡೆ, ಎಲ್ಲಿದ್ದಾನೆ ಎಂಬುದು ಯಾವ ಕಾರಣಕ್ಕೂ ವಾಟ್ಸ್‌ಆ್ಯಪ್‌ಗೆ ಹೋಗಕೂಡದು.

ರಕ್ತದಾನ ಮಾಡುವುದಾದರೆ ಇಡೀ ಕಾಲೇಜು ಒಂದೇ ದಿನ ಕೊಡಬೇಡಿ. ಸಂಗ್ರಹಿಸಿದ ರಕ್ತ ಸುಮಾರು 35 ದಿನ ಉಳಿಯುತ್ತದೆ, ಪ್ಲೇಟ್‌ಲೆಟ್ 5 ದಿನ. ಒಮ್ಮೆ ಕೊಟ್ಟವರು ಮತ್ತೆ ಕೊಡಲು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆಯಬೇಕು. ಅದಕ್ಕೇ ಗುಂಪುವಾರು ಪಟ್ಟಿ ಮಾಡಿ ರಕ್ತನಿಧಿಗೆ ಕೊಟ್ಟಿಡಿ, ಅವರು ಕರೆದಾಗ ಸರದಿಯಂತೆ ಹೋಗಿ. 18 ವರ್ಷ ತುಂಬಿರಬೇಕು, ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಎಷ್ಟೋ ಹೆಣ್ಣುಮಕ್ಕಳು ಈ ಕೊನೆಯದರಲ್ಲಿ ಹಿಂದೆ ಬೀಳುತ್ತಾರೆ. ಅಂಥವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಲಿ. ನಿಮ್ಮ ಆರೋಗ್ಯ ನನಗೆ ಮುಖ್ಯ.

ಪ್ರಶ್ನೆ: 1962ರಲ್ಲಿ ಕಾಲೇಜಿನಲ್ಲಿದ್ದಾಗ ಜವಾನರಿಗೆ ಸ್ವೆಟರ್ ಹೆಣೆದಿದ್ದೆ ಎಂದು ನಮ್ಮಮ್ಮ ಹೇಳುತ್ತಾರೆ. ನಮ್ಮ ಮಹಿಳಾ ಸಂಘ ಈಗಲೂ ಹಾಗೆ ಮಾಡಬಹುದೇ?
– ಗೃಹಿಣಿ, ಮಾಲೂರು

ಉತ್ತರ: ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ವರ್ಷ ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿದಾಗ ನಮ್ಮ ಎಷ್ಟೋ ಜವಾನರ ಮೈಮೇಲೆ ಹಿಮಾಲಯದ ಚಳಿಗೆ ತಕ್ಕ ಉಣ್ಣೆಯೇ ಇರಲಿಲ್ಲ. ಆಗ ಸ್ವೆಟರ್ ಬೇಕಿತ್ತು, ಹೆಣೆದರು. ಈಗ ಎತ್ತರದ ನೆಲೆಗಳಿಗೆ ಸೇನೆಯೇ ವಿಶೇಷ ಉಡುಪು ಕೊಡುತ್ತದೆ. ನೀವು ಹೆಣೆಯುವುದಾದರೆ ನಿಮ್ಮ ಊರಿನ ವೃದ್ಧಾಶ್ರಮಕ್ಕೆ ಹೆಣೆಯಿರಿ.

ಯೋಧರಿಗೇ ಕೊಡಬೇಕೆಂಬ ಆಸೆಯಿದ್ದರೆ ಹಣ ಕೊಡಿ. ಅದೇ 1962ರಲ್ಲಿ ಶುರುವಾದ ರಾಷ್ಟ್ರೀಯ ರಕ್ಷಣಾ ನಿಧಿ ಇಂದಿಗೂ ಇದೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯೂ ಇದೆ. ಹುಂಡಿ ಹಿಡಿದು ಬೀದಿ ಸುತ್ತಬೇಡಿ. ಸಂಘದ ಲೆಕ್ಕದಿಂದ ನೇರವಾಗಿ ಕಟ್ಟಿ, ರಸೀದಿಯನ್ನು ಮುಂದಿನ ಸಭೆಯಲ್ಲಿ ಎಲ್ಲರಿಗೂ ತೋರಿಸಿ.