ಇವತ್ತು ಅಟ್ಟೆಗೆ ಎಷ್ಟಮ್ಮ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

2025ರ ಮೇ ತಿಂಗಳು. ಉಡುಪಿ ಹತ್ತಿರದ ಶಂಕರಪುರ ಕಡೆಯ ತಾಯಿಯೊಬ್ಬರು ಮಗಳ ಜೊತೆ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಮಲ್ಲಿಗೆ ಕಟ್ಟಿ ಜೀವನ. ಮಗ 23ರ ಹುಡುಗ, ಸೇನೆಯಲ್ಲಿ, ಆಗ ಜಮ್ಮು ಕಡೆ. ಮೇ 7ಕ್ಕೆ ಆಪರೇಷನ್ ಸಿಂಧೂರದ ಸುದ್ದಿ ಬಂದಾಗಿನಿಂದ ಮನೆಯಲ್ಲಿ ಟಿವಿ ಆರಿಸಿಲ್ಲ, 10ಕ್ಕೆ ಕದನವಿರಾಮ ಆದ ಮೇಲೂ ಇವರಿಗೆ ನಿದ್ದೆ ಇಲ್ಲ. ನನ್ನೆದುರು ಕೂತಾಗಲೂ ಫೋನು ಅಂಗೈಯಲ್ಲೇ, ಬಾಳೆನಾರು ಎಳೆದೆಳೆದು ಗೆರೆ ಬಿದ್ದ ಬೆರಳುಗಳು ಅದನ್ನು ಬಿಡುತ್ತಲೇ ಇರಲಿಲ್ಲ.

"ಅವ ಸರಿಯಾಗಿ ಫೋನೇ ಮಾಡುವುದಿಲ್ಲ ಮೇಡಂ, ಮಾಡಿದರೂ ಎರಡು ನಿಮಿಷ."

ಆ ಎರಡು ನಿಮಿಷ ಏನು ಮಾತಾಡ್ತೀರಿ ಅಂತ ಕೇಳಿದೆ. ಮಗಳು ಹೇಳಿದಳು: "ಅಮ್ಮ ಅಳ್ತಾರೆ. ಎಲ್ಲಿದ್ದಿ, ಅಲ್ಲಿ ಏನಾಗ್ತಾ ಉಂಟು ಅಂತ ಕೇಳ್ತಾರೆ. ಅವ ಸುಮ್ಮನಾಗ್ತಾನೆ."

ಹೇಳುವ ಹಾಗಿಲ್ಲ ಅಲ್ವಾ ಅವನು? ಎಲ್ಲಿದ್ದೇನೆ ಅಂತ ಫೋನಿನಲ್ಲಿ ಹೇಳಿದರೆ ಅವನ ಜೊತೆಯವರ ಜೀವಕ್ಕೂ ಅಪಾಯ. ಸೈನಿಕರಿಗೆ ಹೋಗುವ ಕಾಗದಕ್ಕೂ ಊರಿನ ಹೆಸರು ಬರೆಯುವುದಿಲ್ಲ, 56 ಎಪಿಒ ಅಂತ ಸೇನಾ ಅಂಚೆ ಕಚೇರಿಯ ಸಂಖ್ಯೆ ಬರೆಯುತ್ತಾರೆ. ತಾಯಿ ಅಳುವುದನ್ನು ಕೇಳಿ ಏನೂ ಹೇಳಲಾಗದೆ ಫೋನ್ ಇಟ್ಟು, ಮತ್ತೆ ಡ್ಯೂಟಿಗೆ ಹೋಗಬೇಕು. ಆ ಹುಡುಗನನ್ನು ನೆನೆದು ನನಗೂ ಸಂಕಟವಾಯಿತು.

ನಾನು ಹೇಳಿದ್ದು ಇಷ್ಟು. ಅಮ್ಮ, ಅವನಿಗೆ ಮನೆಯ ಸುದ್ದಿ ಕೊಡಿ. ಇವತ್ತು ಮೊಗ್ಗು ಎಷ್ಟು ಸಿಕ್ಕಿತು, ಎಷ್ಟು ಚೆಂಡು ಹೂ ಕಟ್ಟಿದಿರಿ, ಅಟ್ಟೆಗೆ ರೇಟ್ ಏನು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಅನ್ನೋದು ಬಾಲ್ಯದಿಂದ ನಿಮ್ಮ ಪಕ್ಕ ಕೂತು ಕಟ್ಟಿದ ಅವನಿಗೆ ಗೊತ್ತಿಲ್ಲವೇ? ಅವನು ಫೋನ್ ಮಾಡದ ದಿನ ಅದನ್ನೇ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿ, ಸಿಗ್ನಲ್ ಸಿಕ್ಕಾಗ ಕೇಳುತ್ತಾನೆ. ಉತ್ತರಕ್ಕೆ ಒತ್ತಾಯ ಬೇಡ. ಟಿವಿ ರಾತ್ರಿ ಒಮ್ಮೆ, ಅರ್ಧ ಗಂಟೆ ಸಾಕು.

ಅಳು ಬಂದರೆ ತಡೆಯಬೇಡಿ, ಮಗಳ ಹತ್ತಿರ ಅಳಿ, ಇಲ್ಲಿಗೆ ಬಂದು ಅಳಿ. ನಡುರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ವಾರದಲ್ಲೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು ಅಂತಲೂ ಹೇಳಿದೆ.

ಮೂರನೇ ಸಲ ಒಬ್ಬರೇ ಬಂದರು. ಫೋನು ಚೀಲದಲ್ಲಿತ್ತು. ರಾತ್ರಿ ನಾಲ್ಕು ಗಂಟೆ ನಿದ್ದೆ ಬರುತ್ತಿದೆಯಂತೆ, ಪೂರ್ತಿ ಸರಿಯಾಗಿಲ್ಲ. ಹಿಂದಿನ ಸಂಜೆ ಮಗ ಫೋನ್ ಮಾಡಿ ಮೊದಲು ಕೇಳಿದ್ದು, "ಇವತ್ತು ಅಟ್ಟೆಗೆ ಎಷ್ಟಮ್ಮ?" ರೇಟ್ ಇಳಿದಿದೆ ಅಂದರೆ ಬೈದನಂತೆ, ಕಡಿಮೆಗೆ ಯಾಕೆ ಕೊಟ್ಟಿರಿ ಅಂತ. ಹನ್ನೊಂದು ನಿಮಿಷ ಮಾತಾಡಿದ ಅಂತ ಫೋನ್ ತೆಗೆದು ನನಗೆ ತೋರಿಸಿದರು.